ಮಂಗೋಲಿಯಾದ ಬಯಲಿನಲ್ಲಿ ಒದರಿದ್ದು

ನಾನು ಪುಕ್ಕಲನೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅದರಲ್ಲೂ ಜನರಿಲ್ಲದ ಜಾಗವೆಂದರೆ ನನಗೆ ಎದೆ ಡವಡವ. ನಮ್ಮ ಉಗಾರ ಖುರ್ದದಲ್ಲಿ ಹಾಲು ತರಲು ಹೊರಟರೂ ನಾಲ್ಕು ಮಂದಿ "ಎಲ್ಲಿಗ್ ಹೊಂಟೀರಿ ಮಾಸ್ತರ್ರ?" ಎಂದು ಕೇಳಬೇಕು. ಕೇಳದಿದ್ದರೆ ಯಾರೋ ತೀರಿಕೊಂಡಿರಬೇಕೆಂದು ನನಗೆ ಗಾಬರಿ. ಅಂಥ ನಾನು ನಿವೃತ್ತನಾದ ವರ್ಷ ಮಂಗೋಲಿಯಾಕ್ಕೆ ಹೋದೆ. ಹೋದದ್ದು ಹೆಂಡತಿ ಸುಜಾತಾಳ ಹಟಕ್ಕೆ. ನಮ್ಮದು ಬೌದ್ಧ ಮನೆತನ. "ಬುದ್ಧಗಯಾ ಆತು, ಸಾರನಾಥ ಆತು, ಅಲ್ಲೀ ವಿಹಾರಾನೂ ನೋಡೂಣ್ರಿ" ಎಂದಳು. ನಿಪ್ಪಾಣಿ ಕಡೆಯ ಹತ್ತು ಜನರ ತಂಡದಲ್ಲಿ ನಾವೂ ಸೇರಿಕೊಂಡೆವು.

ಅಲ್ಲಿ ಉಳಿದವರು ಮುಂದಿನ ಗಾಡಿಯಲ್ಲಿ, ನಾವಿಬ್ಬರು ಹಿಂದಿನ ಜೀಪಿನಲ್ಲಿ. ಮೊದಲ ದಿನ ಜೀಪಿನ ಎರಡೂ ಕಡೆ ಬರೀ ಹುಲ್ಲಿನ ಗುಡ್ಡ, ಮರುದಿನ ಬರೀ ಕಲ್ಲು, ಮೂರನೆಯ ದಿನ ಮರಳು. ಮನುಷ್ಯ ಮಾತ್ರ ಎಲ್ಲೂ ಇಲ್ಲ. "ಎಷ್ಟ್ ಚಂದ ಐತಿ!" ಎಂದು ಸುಜಾತಾ ಕಿಟಕಿಗೆ ಅಂಟಿಕೊಂಡಿದ್ದರೆ, ನಾನು ಡ್ರೈವರನ ಬೆನ್ನಿಗೆ ದೃಷ್ಟಿ ಅಂಟಿಸಿದ್ದೆ. ನಮ್ಮಿಬ್ಬರನ್ನು ಬಿಟ್ಟರೆ ಕಣ್ಣಿಗೆ ಬೀಳುತ್ತಿದ್ದ ಮನುಷ್ಯ ಅವನೊಬ್ಬನೇ.

ಮೂರನೆಯ ದಿನ ಮಧ್ಯಾಹ್ನ ಜೀಪು ಕೆಮ್ಮಿ ನಿಂತಿತು. ಹಿಂದಿ ಬಲ್ಲ ಗೈಡು ಉಳಿದವರೊಂದಿಗೆ ಮುಂದಿನ ಗಾಡಿಯಲ್ಲಿ ಹೋಗಿಬಿಟ್ಟಿದ್ದ. ಡ್ರೈವರನಿಗೆ ಅವನ ಭಾಷೆ, ನನಗೆ ಕನ್ನಡ ಮರಾಠಿ. ಅವನು ಬಾನೆಟ್ಟಿನೊಳಗೆ ತಲೆ ಹಾಕಿದ, ನಾನೂ ಹಾಕಿದೆ. ಸ್ವಲ್ಪ ಹೊತ್ತಿಗೆ ತಲೆ ಎತ್ತಿ ನೋಡಿದರೆ ಸುಜಾತಾ ಇಲ್ಲ! ಮರೆಯಾಗಲು ಒಂದು ಗಿಡವಿಲ್ಲ, ಗೋಡೆಯಿಲ್ಲ. ನಟ್ಟು ತಿರುಗಿಸುತ್ತಿದ್ದ ಡ್ರೈವರ ಪಾನಾ ಎತ್ತಿ ಆಚೆಯ ಮರಳುದಿಬ್ಬದ ಕಡೆ ತೋರಿಸಿ ನಕ್ಕ. ಅಂಥ ಹೊತ್ತಿನಲ್ಲಿ ನಗುವವನನ್ನು ಹೇಗೆ ನಂಬುವುದು? ತೋಳದ ನೆನಪಾಯಿತು, ದಾರಿ ತಪ್ಪಿ ಸತ್ತವರ ಕಥೆ ನೆನಪಾಯಿತು. "ಸುಜಾತಾ! ಏ ಸುಜಾತಾ!" ಎಂದು ಒದರುತ್ತ, ಮರಳಿನಲ್ಲಿ ಎರಡು ಸಲ ಬಿದ್ದು, ದಿಬ್ಬ ಹತ್ತಿದೆ.

ಆಚೆ ಒಂದು ದುಂಡನೆಯ ಕಂಬಳಿ ಡೇರೆ. ಒಳಗೆ ನನ್ನ ಹೆಂಡತಿ ಒಬ್ಬ ಮುದುಕಿಯ ಮೊಣಕಾಲಿಗೆ ನೋವಿನ ಮುಲಾಮು ತಿಕ್ಕುತ್ತ ಕೂತಿದ್ದಳು. ಅವಳು ಕನ್ನಡದಲ್ಲಿ, ಮುದುಕಿ ತನ್ನ ಭಾಷೆಯಲ್ಲಿ, ಇಬ್ಬರದೂ ಭರ್ಜರಿ ಮಾತು. ಮುದುಕಿ ನನಗೂ ಉಪ್ಪು ಹಾಕಿದ ಚಹಾ ಕೊಟ್ಟಳು.

"ನಾ ಒದರಿದ್ದು ಕೇಳಿಸ್ಲಿಲ್ಲೇನ?" ಎಂದೆ. ಕಣ್ಣುಗಳು ಒದ್ದೆಯಾಗಿದ್ದವು, ಮರಳೆಂದು ಒರೆಸಿಕೊಂಡೆ.

"ಕೇಳಿಸ್ತ್ರಿ."

"ಮತ್ತ ಓ ಅನ್ನಬಾರದ?"

"ಮೂವತ್ ವರ್ಷದಾಗ ಒಮ್ಮೆರ ಹೆಸರ ಹಿಡದ ಕರದೀರೇನ್ರಿ? ಇನ್ನೆರಡ ಸಲ ಕೇಳೂಣಂತ ಸುಮ್ಕ ಕುಂತೆ."

ಚಹಾ ಒಂದೇ ಗುಟುಕಿಗೆ ಇಳಿಸಿದೆ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಅಡುಗೆಮನೆ ಕಡೆ ತಿರುಗಿ "ಸು..." ಎಂದು ಬಾಯಿ ತೆರೆದೆ. ಬಾಗಿಲಲ್ಲಿ ಪಕ್ಕದ ಮನೆಯವರು ನಿಂತಿದ್ದರು. "ಏ, ಚಹಾ ಆತೇನ?" ಎಂದುಬಿಟ್ಟೆ.