ಅಂಗಾಲು ಒತ್ತುವ ವಿದ್ಯೆ ಮತ್ತು ನನ್ನ ಸೋದರಮಾವ

ನನ್ನ ಕೈ ಎಲ್ಲಿ ಬಿದ್ದರೂ ಅಲ್ಲೊಂದು ಪ್ರಸಂಗ ಹುಟ್ಟುತ್ತದೆ. ಇದರಲ್ಲಿ ನನ್ನದೇನೂ ತಪ್ಪಿಲ್ಲ, ಕೈಯೇ ಅಂಥದು. ಕಮಲಾಪುರದ ಕುಸ್ತಿ ತಾಲೀಮಿನಲ್ಲಿ ಪಳಗಿದ ಕೈ, ತುಂಬಿದ ಜೋಳದ ಚೀಲವನ್ನು ಒಂದೇ ಏಟಿಗೆ ಹೆಗಲಿಗೇರಿಸುವ ಕೈ. ಪೊಲೀಸ್ ಕಾರ್ಯಾಚರಣೆಯಲ್ಲಿ ಹಳೆಯ ಸರಕಾರ ಬಿದ್ದು, ಊರೂರಿನ ದಿಗಿಲು ಇಳಿದು, ಕಲಬುರ್ಗಿಗೆ ಬಸ್ಸು ಸುರಳೀತ ಓಡತೊಡಗಿದ ಮೇಲೆ ಈ ಕೈಗೆ ತಕ್ಕ ವಿದ್ಯೆ ಹುಡುಕಿಕೊಂಡು ಅಲ್ಲಿನ ಗಾಜಿಪುರ ಓಣಿಗೆ ಹೊರಟು ನಿಂತೆ.

ಅಲ್ಲಿ ಒಬ್ಬ ಉಸ್ತಾದರಿದ್ದರು. ಬಹಳ ವರ್ಷ ರಂಗೂನಿನಲ್ಲಿದ್ದು, ಒಬ್ಬ ಚೀನೀ ಮುದುಕನ ಹತ್ತಿರ ಅಂಗಾಲು ಒತ್ತಿ ನೋವು ಕಳೆಯುವ ವಿದ್ಯೆ ಕಲಿತು, ಯುದ್ಧದ ಗದ್ದಲದಲ್ಲಿ ಊರಿಗೆ ಮರಳಿದವರು. ಕಾಲು ಒತ್ತಿದರೆ ಕುತ್ತಿಗೆ ನೋವು ಹೋಗುವುದು ಹೇಗೆ? ಈ ಪ್ರಶ್ನೆ ಕಿವಿಯೊಳಗೆ ಹೊಕ್ಕ ಇರುವೆಯಂತೆ ನನ್ನನ್ನು ಕಾಡುತ್ತಿತ್ತು.

ಆದರೆ ಸೋದರಮಾವ ಅಡ್ಡ ನಿಂತ. ಅವನ ಮಗಳನ್ನು ನನಗೆ ಕೊಡುವುದೆಂದು ಮೊದಲೇ ಮಾತಾಗಿತ್ತು.

"ಮದುವ್ಯಾಗ ಅಳಿಯನ ಕಾಲು ತೊಳಿಯೋನು ನಾನು. ಕಂಡೋರ ಕಾಲು ತಿಕ್ಕೋನ ಕಾಲು ನಾ ತೊಳೀಲೇನು? ಆ ವಿದ್ಯಾ ಬಿಡು, ಇಲ್ಲಾ ನನ್ನ ಮಗಳನ್ನ ಬಿಡು!" ಅಂದ.

ಎರಡರಲ್ಲಿ ಒಂದನ್ನು ಬಿಡುವ ಗಂಡಸು ನಾನಲ್ಲ. ಮರುದಿನ ಬೆಳಗ್ಗೆಯೇ ಬಸ್ಸು ಹತ್ತಿದೆ.

೧. ಬಾಳೆಹಣ್ಣಿನ ಪಾಠ

"ಮೊದಲ ನನ್ನ ಕಾಲು ಒತ್ತಿ ತೋರಿಸು," ಅಂದರು ಉಸ್ತಾದರು. ಒತ್ತಿದೆ. ಮಲಗಿದ್ದವರು ಎದ್ದು ಗೋಡೆ ಹಿಡಿದು ನಿಂತರು.

"ಬೇಟಾ, ಇದು ಕುಸ್ತಿ ಅಲ್ಲ. ನಿಮ್ಮೂರ ಕೆಂಪು ಬಾಳೆಹಣ್ಣು ತೊಗೊಂಡು ಬಾ."

ಕಳಿತ ಹಣ್ಣಿನ ಮೇಲೆ ಮಡಿಸಿದ ಬಟ್ಟೆ ಹಾಕಿ, ಹೆಬ್ಬೆರಳಿನಿಂದ ಒತ್ತುತ್ತ ಒಳಗೆ ಎಲ್ಲಿ ಮೆತ್ತಗಿದೆ, ಎಲ್ಲಿ ಗಟ್ಟಿಯಿದೆ ಎಂದು ಹೇಳಬೇಕು. ಸಿಪ್ಪೆ ಮಾತ್ರ ಒಡೆಯಬಾರದು. ಮೊದಲ ದಿನ ಒಂದು ಡಜನ್ ಹಣ್ಣು, ಹನ್ನೆರಡೂ ಪಿಚಕ್ಕಂದವು. ಅನ್ನ ಹಾಳು ಮಾಡಬಾರದೆಂದು ಎಲ್ಲವನ್ನೂ ನಾನೇ ತಿಂದೆ. ಎರಡನೆಯ ದಿನವೂ ಅದೇ ಕಥೆ. ಹೀಗೆ ತಿಂಗಳು ಕಳೆಯುವಷ್ಟರಲ್ಲಿ ಒಂದು ಹಣ್ಣೂ ಒಡೆಯದಂತಾಯಿತು. ಇಷ್ಟು ಲಗೂ ಕಲಿತ ಶಿಷ್ಯ ರಂಗೂನಿನಲ್ಲೂ ಇದ್ದಿರಲಿಕ್ಕಿಲ್ಲ.

ಉಸ್ತಾದರು ನನ್ನ ಕೈ ಹಿಡಿದು ನೋಡಿ, "ಶಾಭಾಷ್! ಕೈ ಹಗುರ ಆಗ್ಯದ," ಅಂದರು. ಆಮೇಲೆ ನನ್ನ ಹೊಟ್ಟೆ ನೋಡಿ, "ಉಳಿದದ್ದು ಮಾತ್ರ ಭಾರ ಆಗ್ಯದ," ಅಂದರು.

೨. ಮೊಹರಿಲ್ಲದ ನಕಾಶೆ

ಉಸ್ತಾದರ ಗೋಡೆಯ ಮೇಲೆ ಅವರೇ ಬರೆದ ಎರಡು ಅಂಗಾಲಿನ ಚಿತ್ರವಿತ್ತು. ಹೊಟ್ಟೆಗೆ ಇಂಥ ಜಾಗ, ಗುಂಡಿಗೆಗೆ ಇಂಥ ಜಾಗ, ಹೀಗೆ ಗೆರೆ ಹೊಡೆದು ಭಾಗ ಮಾಡಿದ್ದರು. ಮೊಣಕಾಲು ನೋವೆಂದು ಬಂದ ಮುದುಕ ಪಟವಾರಿಯೊಬ್ಬರು ಅದರ ಮುಂದೆ ನಿಂತವರು ನಿಂತೇಬಿಟ್ಟರು. ಜೀವಮಾನವೆಲ್ಲ ಹೊಲದ ನಕಾಶೆ ನೋಡಿದ ಕಣ್ಣು. ನಾನು ಕೋಲು ಹಿಡಿದು ವಿವರಿಸತೊಡಗಿದೆ.

"ಹೊಟ್ಟಿ ಎರಡೂ ಕಾಲಾಗ ಯಾಕ ಅದ?" ಎಂದು ತಡೆದರು. "ಒಂದೇ ಆಸಾಮಿಗಿ ಎರಡು ಕಡಿ ಪಟ್ಟಾ ಕೊಟ್ಟಿದ್ದು ಯಾರು?"

"ಅದು ಹುಟ್ಟಿನಿಂದ ಬಂದದ್ದುರೀ."

"ಪಿತ್ರಾರ್ಜಿತ ಏನು? ಹಂಗಾರ ಗುಂಡಿಗಿಗಿ ಎಡಗಾಲಾಗ ಅಷ್ಟೇ ಯಾಕ? ಅದಕ್ಕ ಅನ್ಯಾಯ ಆಗ್ಯದ. ಗಡಿಕಲ್ಲು ಎಲ್ಲವ?"

ನಾನು ಕೋಲು ಕೆಳಗಿಟ್ಟೆ. ಪಟವಾರಿ ಗೆದ್ದವರಂತೆ ತಿರುಗಿದರು: "ಉಸ್ತಾದ್, ಈ ನಕಾಶೆ ಮ್ಯಾಲ ಸರಕಾರದ ಮೊಹರು ಇಲ್ಲ. ಮೊಹರು ಬೀಳೋತನಕ ನನ್ನ ಕಾಲು ಮುಟ್ಟಬ್ಯಾಡ್ರಿ."

ಉಸ್ತಾದರು ಎಣ್ಣೆಯ ಬಟ್ಟಲು ಕೆಳಗಿಟ್ಟು ಕೇಳಿದರು: "ಯಾವ ಸರಕಾರದ್ದು ಸಾಹೇಬ್? ಹಳೇದ್ದೋ, ಹೊಸಾದ್ದೋ?"

ಪಟವಾರಿ ಬಾಗಿಲ ಕಡೆ ಒಮ್ಮೆ ನೋಡಿದರು, ಕಿಟಕಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಕಾಲು ಚಾಚಿದರು.

೩. ಸಾಹುಕಾರನ ಬೆನ್ನು

ತೊಲೆಗೆ ಕಟ್ಟಿದ ಹಗ್ಗ ಹಿಡಿದು, ಮಲಗಿದವರ ಬೆನ್ನಿನ ಮೇಲೆ ಅಂಗಾಲೂರಿ ಮೆಲ್ಲಗೆ ನಡೆಯುವುದೂ ಆ ವಿದ್ಯೆಯಲ್ಲಿದೆ. ಭಾರವೆಲ್ಲ ಹಗ್ಗಕ್ಕೆ, ಬೆನ್ನಿಗೆ ಬೇಕಾದಷ್ಟೇ. ಸೇಡಂ ರಸ್ತೆಯ ಒಬ್ಬ ಕಾಳಿನ ಸಾಹುಕಾರರ ಮನೆಗೆ ಉಸ್ತಾದರು ನನ್ನೊಬ್ಬನನ್ನೇ ಕಳಿಸಿದರು. ನಂಬಿಕೆ ಎಂದರೆ ಅದು.

ಸಾಹುಕಾರರು ಬೋರಲಾಗಿ ಮಲಗಿ ಸುಖಕ್ಕೆ ನರಳುತ್ತಿದ್ದರು. ಆ ಹೊತ್ತಿಗೆ ನೀರಿಗೆ ಹೋಗಿದ್ದ ಸಾಹುಕಾರತಿ ಬಾಗಿಲಿಗೆ ಬಂದಳು. ತಲೆಯ ಮೇಲಿನ ಕೊಡ ಹಾಗೇ ಇದೆ, ಎದುರಿಗೆ ಗಂಡನ ಮೇಲೆ ಯಾರೋ ಪೈಲ್ವಾನ ನಿಂತಿದ್ದಾನೆ!

"ಯಪ್ಪಾ, ಬರ್ರಪೋ! ನಮ್ಮೋರ್ನ ತುಳದು ಕೊಲ್ಲಲಕತ್ತಾನ!"

ಓಣಿಯೆಲ್ಲ ಕೂಡಿತು. ಒಬ್ಬನ ಕೈಯಲ್ಲಿ ಕೊಡಲಿಯೂ ಇತ್ತು. ನಾನು ಹಗ್ಗದಲ್ಲಿ ಜೋತಾಡುತ್ತ, "ವೈದ್ಯ ರೀ, ವೈದ್ಯ!" ಎಂದು ಕೂಗಿದೆ. ಕೆಳಗಿನಿಂದ ಸಾಹುಕಾರರು, "ಏ, ಸುಮ್ನಿರ್ರಿ ಎಲ್ಲಾರು! ತಮ್ಮಾ, ಸೊಂಟದ ಮ್ಯಾಲ ಇನ್ನೊಂದು ಸಲ," ಅಂದರು.

ಜನ ನಗುತ್ತ ಹೋದರು. ಸಾಹುಕಾರತಿ ಕೊಡ ಇಳಿಸಿ, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಯಪ್ಪಾ, ಇದು ಹೆಂಗಸೂರು ಕಲೀಲಕ್ಕ ಬರ್ತದೇನು?"

೪. ಮುಗಿಯದ ನಮಸ್ಕಾರ

ಇತ್ತ ಕಮಲಾಪುರದಲ್ಲಿ ಮಾವನ ಕುತ್ತಿಗೆ ಹಿಡಿದುಕೊಂಡಿತು. ಎಡಕ್ಕೆ ನೋಡಬೇಕಾದರೆ ಇಡೀ ಮನುಷ್ಯನೇ ತಿರುಗಬೇಕು. ಸಂತೆಯಲ್ಲಿ ಎಡಗಡೆ ನಿಂತವರಿಗೆ ಮಾತೇ ಇಲ್ಲ. ಕಾಲಿನ ಹೆಬ್ಬೆರಳ ಬುಡ ಸಿಕ್ಕರೆ ಸಾಕು, ಬಿಡಿಸಬಲ್ಲೆನೆಂದು ಗೊತ್ತಿತ್ತು. ಆದರೆ ಮಾವ ಕಾಲು ಮುಟ್ಟಗೊಡಬೇಕಲ್ಲ!

ಮನೆಗೆ ಹೋದೆ. ಸಣ್ಣವನು ಬಂದು ಕಾಲಿಗೆರಗಿದರೆ ಯಾವ ಹಿರಿಯನೂ ಬೇಡ ಅನ್ನುವ ಹಾಗಿಲ್ಲ. ಎರಗಿದೆ. ಎರಗಿದವನು ಏಳಲೇ ಇಲ್ಲ. ಎರಡೂ ಹೆಬ್ಬೆರಳು ಹಿಡಿದು ಕೆಲಸ ಶುರು ಮಾಡಿದೆ.

ಒಳಗಿನಿಂದ ಅತ್ತೆ, "ಆಶೀರ್ವಾದ ಮಾಡ್ರಿ ಲಗೂನ, ಹುಡುಗ ಎಷ್ಟೊತ್ತು ಬಗ್ಗಬೇಕು?" ಅಂದಳು.

"ಮೂರು ಸಲ ಮಾಡೀನಿ! ಏಳವಲ್ಲ!"

ಎಡಗಡೆಯ ಬಾಗಿಲಲ್ಲಿ ಮಾವನ ಮಗಳು ಕಿಸಕ್ಕನೆ ನಕ್ಕಳು. "ಯಾರಕಿ ನಗೋದು?" ಎಂದು ಮಾವ ಗರ್ರನೆ ಎಡಕ್ಕೆ ಕುತ್ತಿಗೆ ತಿರುಗಿಸಿದ. ತಿರುಗಿಸಿದ ಮೇಲೆಯೇ ಅವನಿಗೆ ಗೊತ್ತಾದದ್ದು. ಸ್ವಲ್ಪ ಹೊತ್ತು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ನೋಡಿದ.

"ನಿನ್ನ ವಿದ್ಯಾ ಅಲ್ಲಲೇ ಇದು," ಅಂದ. "ಮೂರು ಆಶೀರ್ವಾದ ಒಮ್ಮೆಲೆ ಮಾಡೀನಿ. ನಿನಗ ಹತ್ತಬೇಕಾದ್ದು ನನಗೇ ಹತ್ತ್ಯದ."

ಆದರೆ ಮರುವಾರ ಮದುವೆಯ ದಿನ ಗೊತ್ತು ಮಾಡಲು ಅವನೇ ಬಂದ.

೫. ಹಂದರದೊಳಗೆ

ಮದುವೆಯ ದಿನ ಅಗಲವಾದ ಹಿತ್ತಾಳೆಯ ಪರಾತದಲ್ಲಿ ಕಾಲಿಟ್ಟುಕೊಂಡು ಕೂತೆ. ಕಮಲಾಪುರಕ್ಕೆ ಕಮಲಾಪುರವೇ ನೋಡುತ್ತಿದೆ, ಮುಂದಿನ ಸಾಲಿನಲ್ಲಿ ಉಸ್ತಾದರಿದ್ದಾರೆ. ತಂಬಿಗೆ ಹಿಡಿದು ಮಾವ ಬಗ್ಗಿದ. ಬಗ್ಗಲೇಬೇಕಲ್ಲ! ಆ ಗಳಿಗೆಯಲ್ಲಿ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಅಂಗಿಯ ಮೇಲಿನ ಗುಂಡಿ ಕಿತ್ತುಹೋಯಿತು.

ಮಾವ ಒಂದು ಕಾಲು ತೊಳೆದ. ಎರಡನೆಯ ಕಾಲಿಗೆ ಬಂದವನು ನೀರು ಹಾಕದೆ ಹೆಬ್ಬೆರಳನ್ನು ಹಿಡಿದು ತಿರುವಿ ತಿರುವಿ ನೋಡತೊಡಗಿದ. ಇಷ್ಟು ದಿನ ತಡೆದಿಟ್ಟ ಕುತೂಹಲವಿರಬೇಕು. "ಹಿಂಗೇನು ಒತ್ತೋದು?" ಎಂದವನೇ ಒಕ್ಕಲುತನದ ಕೈಯಿಂದ ಒಮ್ಮೆ ಒತ್ತಿಯೇಬಿಟ್ಟ.

"ಯವ್ವಾ!"

ಬಾಜಾ ನಿಂತಿತು. ಮದುಮಗಳು ಸೆರಗಿನೊಳಗೇ ನಗುತ್ತಿದ್ದಳು. ನಾನು ಪರಾತದೊಳಗೇ ಎದ್ದು ನಿಂತಿದ್ದೆ. ಮಾವ ಕಾಲು ಬಿಡದೆ, ತಲೆ ಎತ್ತಿ ಕೇಳಿದ: "ಉಸ್ತಾದ್, ಇದು ಯಾವುದರ ಜಾಗಾ ರೀ?"

"ತಲಿದು," ಅಂದರು ಉಸ್ತಾದರು.

ಮಾವ ಉಳಿದ ನೀರನ್ನೆಲ್ಲ ಸುರಿದು ಎದ್ದು ನಿಂತು, ಹಂದರಕ್ಕೆಲ್ಲ ಕೇಳುವಂತೆ ಹೇಳಿದ:

"ಹಂಗಾರ ಇವನಿಗಿ ತಲಿ ಅದ ಅಂತಾತು. ನನಗ ಅದೊಂದೇ ಅನುಮಾನ ಇತ್ತು. ಹಾಕ್ರಿ ಅಕ್ಕಿಕಾಳು!"