ಬೆವರಿಗೆ ಕೊಟ್ಟ ಟೋಪಿ

ಹೊಸ ಚರ್ಮಕ್ಕೆ ಎಪ್ಪತ್ತೆಂಟು ವರ್ಷ ವಯಸ್ಸಾಗಿಸುವುದು ಹೇಗೆ ಎಂದು ನಿಶಿವಾಕಿಯನ್ನು ಕೇಳಬೇಕು. ಪರ್ಸಿಮನ್ ಕಾಯಿಯ ಒಗರು ರಸ ಬಳಿದು ಬಿಸಿಲಿಗಿಟ್ಟರೆ ಬಣ್ಣ ಕೂರುತ್ತದೆ. ಅಕ್ಕಿ ತೌಡಿನ ಚೀಲದಲ್ಲಿ ಹಾಕಿ ತಿಕ್ಕಿದರೆ ಹೊಳಪು ಹೋಗುತ್ತದೆ. ಆದರೆ ಟೋಪಿಯೊಳಗಿನ ಮೊಲದ ತುಪ್ಪಳ ಮಾತ್ರ ಯಾವ ರಸಕ್ಕೂ, ಯಾವ ತೌಡಿಗೂ ಬಗ್ಗುವುದಿಲ್ಲ. ಅದಕ್ಕೆ ಮನುಷ್ಯರ ಬೆವರೇ ಆಗಬೇಕು. ಆ ಬೆವರೇ ಅವನನ್ನು ಮುಳುಗಿಸಿತು.

ನಿಶಿವಾಕಿ ಮೂವತ್ತು ವರ್ಷ ಬೇಸ್‌ಬಾಲ್ ಗ್ಲೌಸ್ ಹೊಲಿದವನು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ, ಎಪ್ಪತ್ತೆಂಟು ವರ್ಷದ ಹಿಂದಿನ ಯುದ್ಧದ ಪೈಲಟ್‌ಗಳು ಹಾಕುತ್ತಿದ್ದ ಚರ್ಮದ ಟೋಪಿಗಳ ನಕಲು ಮಾಡತೊಡಗಿದ. ಸಿನಿಮಾದವರು ಕೊಳ್ಳುತ್ತಾರೆ, ಸಂಗ್ರಹ ಮಾಡುವ ಹುಚ್ಚಿನವರು ಕೊಳ್ಳುತ್ತಾರೆ. ಹಳೆಯ ಟೋಪಿ ಬಂದರೆ ರಿಪೇರಿಯನ್ನೂ ಮಾಡುತ್ತಾನೆ. ತನ್ನ ನಕಲನ್ನು ಯಾರೂ ಅಸಲಿ ಎಂದು ಮಾರಬಾರದು ಎಂಬುದು ಅವನ ಹಟ. ಅದಕ್ಕೇ ಪ್ರತಿ ಟೋಪಿಯ ಬಲಗಿವಿ ಮುಚ್ಚುವ ಭಾಗದ ತುಪ್ಪಳದ ಅಡಿಯಲ್ಲಿ ತನ್ನ ಹೆಸರಿನ ಮುದ್ರೆ ಒತ್ತಿರುತ್ತಾನೆ. ಹೊಲಿಗೆ ಬಿಚ್ಚದೆ ಅದು ಯಾರಿಗೂ ಕಾಣುವುದಿಲ್ಲ.

ಇನ್ನು ಬೆವರಿನ ವಿಚಾರ. ನಮ್ಮ ಬೀದಿಯ ಮುದುಕರೆಲ್ಲ ಬೆಳಿಗ್ಗೆ ಆರೂವರೆಗೆ ಪಾರ್ಕಿನಲ್ಲಿ ರೇಡಿಯೋ ಹಾಕಿಕೊಂಡು ಕೈಕಾಲು ಆಡಿಸುತ್ತೇವೆ. ಹೋಗುವ ದಾರಿಯಲ್ಲಿ ನಿಶಿವಾಕಿಯ ಜಗಲಿ. ಅಲ್ಲಿನ ಬಿದಿರು ಗಳುವಿನಲ್ಲಿ ಹೊಸ ಟೋಪಿಗಳು ನೇತಾಡುತ್ತಿರುತ್ತವೆ. ಆರು ಜನ ಆರು ಟೋಪಿ ಹಾಕಿಕೊಂಡು, ದಿನವಿಡೀ ತಂತಮ್ಮ ಕೆಲಸ ಮಾಡಿ ಬೆವರಿಳಿಸಿ, ಸಂಜೆ ತಂದು ಅದೇ ಗಳುವಿಗೆ ಹಾಕಬೇಕು. ಪ್ರತಿಯಾಗಿ ಭಾನುವಾರ ಕಲ್ಲಂಗಡಿ ಹಣ್ಣು. ಆಗಸ್ಟ್ ತಿಂಗಳ ಸೆಖೆಯಲ್ಲಿ, ತುಪ್ಪಳದ ಟೋಪಿ ಹಾಕಿಕೊಂಡು ಕೈ ಮೇಲೆತ್ತಿ ನಿಂತ ಮುದುಕರ ಸಾಲನ್ನು ಕಂಡು ಹೊಸದಾಗಿ ಬಂದ ಪೋಸ್ಟ್‌ಮನ್ ಮೊದಲ ದಿನ ಗಾಡಿ ತಿರುಗಿಸಿಕೊಂಡು ಹೋಗಿದ್ದ.

ಹೀಗಿರುವಾಗ ಹದಿನೈದು ದಿನದ ಹಿಂದೆ ಕುರಾಮೋಚಿ ಎಂಬ ಹೆಂಗಸು ರೈಲಿಳಿದು ಬಂದರು. ಎಪ್ಪತ್ತೆಂಟರ ವಯಸ್ಸು, ನೆಟ್ಟಗಿನ ಬೆನ್ನು, ಮೆತ್ತಗಿನ ಮಾತು.

"ನಾನು ಹುಟ್ಟೋಕೆ ಮೂರು ತಿಂಗಳು ಮುಂಚೆ ನಮ್ಮಪ್ಪ ವಿಮಾನ ಹತ್ತಿ ಹೋದೋರು ವಾಪಸ್ ಬರ್ಲಿಲ್ಲ" ಅಂದರು. "ಮನೇಲಿ ಉಳಿದಿರೋದು ಅವರ ಟೋಪಿ ಒಂದೇ." ಆಮೇಲೆ ಒಂದು ಟೋಪಿ ತೆಗೆದು ಚಾಪೆಯ ಮೇಲಿಟ್ಟರು. "ಇದನ್ನ ನಮ್ಮಪ್ಪಂದೇ ಅಂತ ತಿಳ್ಕೊಂಡು ಕೆಲಸ ಮಾಡಿ. ಗಲ್ಲದ ಪಟ್ಟಿ ಕಿತ್ತಿದೆ, ಅಷ್ಟು ಹೊಲಿದುಕೊಡಿ ಸಾಕು. ಒಳಗಿನ ತುಪ್ಪಳ ಬಿಚ್ಚಬೇಡಿ. ಯಾರ ತಲೆಗೂ ಹಾಕಬೇಡಿ."

ನಿಶಿವಾಕಿ ಹಣೆ ಚಾಪೆಗೆ ತಾಗುವಂತೆ ಬಾಗಿ ಮಾತು ಕೊಟ್ಟ. ಇಷ್ಟು ವರ್ಷ ಅವನ ಕೈಗೆ ಬಂದ ಹಳೆಯ ಟೋಪಿಗಳೆಲ್ಲ ಅಂಗಡಿಯವರು ತಂದವು, ಯಾರದೋ ಏನೋ. ಸ್ವಂತ ಮಗಳೇ ಬಂದು ಅಪ್ಪನ ಟೋಪಿಯನ್ನು ನಂಬಿ ಬಿಟ್ಟುಹೋದದ್ದು ಇದೇ ಮೊದಲು. ಆ ರಾತ್ರಿ ಊಟಕ್ಕೆ ಕೂತರೂ ಅವನ ಕಣ್ಣು ಅದರ ಮೇಲೇ. "ಎಂಥ ಹೊಲಿಗೆ ನೋಡೇ ಸತ್ಸುಕಿ" ಎಂದು ಹೆಂಡತಿಗೆ ತೋರಿಸಿದ. "ಆ ಕಾಲದೋರ ಕೈ ಅಂದ್ರೆ ಕೈ. ಈಗಿನೋರಿಗೆಲ್ಲಿ ಬರ್ಬೇಕು."

ಪಟ್ಟಿಯನ್ನು ತನ್ನ ನಕಲುಗಳಿಗೆ ಹಾಕುವ ಚರ್ಮದಿಂದಲೇ, ಅದೇ ಬಣ್ಣ ಹಾಕಿ, ಹಳೆಯದರಂತೆ ಹೊಲಿದ. ಕುರಾಮೋಚಿ ಬರುವ ಹಿಂದಿನ ಸಂಜೆ ಅಂಟಿನ ವಾಸನೆ ಹೋಗಲೆಂದು ಗಳುವಿನ ಕೊನೆಯಲ್ಲಿ ನೇತುಹಾಕಿದ. ಮಲಗುವ ಮುಂಚೆ ಒಳಗಿಡಬೇಕು ಅಂದುಕೊಂಡವನು ಏಪ್ರನ್ನೂ ಬಿಚ್ಚದೆ ಹಾಗೇ ಮಲಗಿಬಿಟ್ಟ.

ಬೆಳಿಗ್ಗೆ ಎಂಟಕ್ಕೆ ಎದ್ದು ನೋಡಿದರೆ ಗಳು ಬೋಳು.

"ಸತ್ಸುಕಿ, ಗಳುವಿನ ಮೇಲೆ ಏನೂ ಇಲ್ಲ."

"ದಿನಾ ಈ ಹೊತ್ತಿಗೆ ಏನೂ ಇರಲ್ಲ."

"ಆರು ಜನಕ್ಕೆ ಆರು ಟೋಪಿ. ಏಳನೇದು ಎಲ್ಲಿ?"

"ಕಟಿಂಗ್ ಶಾಪ್ ಹನಾಯಾಮ ಇವತ್ತಿಂದ ತಾನೂ ಬರ್ತೀನಿ ಅಂದಿದ್ರಲ್ಲ. ಒಂದು ಜಾಸ್ತಿ ಇದ್ದಿದ್ದು ನೋಡಿ, ನನಗೋಸ್ಕರಾನೇ ಇಟ್ಟಿದ್ದಾರೆ, ಎಂಥ ಮನುಷ್ಯ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡು ಹೋದ್ರು."

ಸಂಜೆ ನಾಲ್ಕರ ರೈಲಿಗೆ ಕುರಾಮೋಚಿ ಬರುತ್ತಾರೆ. ಅವರ ಅಪ್ಪನ ಬೆವರಿದ್ದ ಜಾಗದಲ್ಲಿ ಈಗ ಹನಾಯಾಮನ ಬೆವರು. ನಿಶಿವಾಕಿ ಮೇಲಂಗಿಯನ್ನೂ ಹಾಕಿಕೊಳ್ಳದೆ, ಕೆಲಸದ ಏಪ್ರನ್ನಿನಲ್ಲೇ ಓಡಿದ.

ಹನಾಯಾಮ ಅಂಗಡಿಯಲ್ಲಿ ಟೋಪಿಯನ್ನು ಗಿರಾಕಿಯ ಕುರ್ಚಿಯ ಮೇಲೆ ಕೂರಿಸಿ ಕತ್ತರಿ ಆಡಿಸುತ್ತಿದ್ದ. "ಬನ್ನಿ ಬನ್ನಿ. ತುಪ್ಪಳ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಬೆಳೆದಿತ್ತು. ಸಮ ಮಾಡ್ತಾ ಇದೀನಿ. ದುಡ್ಡೇನೂ ಬೇಡ."

"ನಿಮ್ಮನ್ನ ಯಾರು ಕೇಳಿದ್ರು ಸ್ವಾಮಿ?"

"ಕೇಳಿದ ಮೇಲೆ ಮಾಡೋದು ಕೆಲಸ. ಕೇಳದೇ ಮಾಡೋದು ಸ್ನೇಹ."

"ಇದು ಗಳುವಿನ ಕೊನೇಲಿದ್ದಿದ್ದು ತಾನೇ? ಹೌದು ಅಂತ ಮಾತ್ರ ಹೇಳ್ಬೇಡಿ."

"ಅಲ್ಲ. ಕೊನೇದು ನನಗೆ ಬಿಗಿ ಆಯ್ತು. ಪಾರ್ಕಲ್ಲಿ ಮೊರಿಕಾವಾ ಅವರ ಹತ್ರ ಬದಲಾಯಿಸ್ಕೊಂಡೆ. ಆಮೇಲೆ ಎಲ್ರೂ ಒಂದೊಂದ್ಸಲ ಬದಲಾಯಿಸ್ಕೊಂಡ್ರು. ನಂದು ದೊಡ್ಡದು, ನಿಂದು ಚಿಕ್ಕದು ಅಂತ ಒಳ್ಳೆ ತಮಾಷೆ ಆಯ್ತು."

ಯಾವ ಟೋಪಿ ಯಾರ ತಲೆ ಏರಿದೆಯೋ ಇನ್ನು ದೇವರೇ ಬಲ್ಲ. ಏಳನ್ನೂ ಹಿಡಿದು ತರದೆ ಬೇರೆ ದಾರಿಯಿರಲಿಲ್ಲ. ನಿಶಿವಾಕಿ ಅರ್ಧ ಕ್ಷೌರವಾದ ಟೋಪಿಯನ್ನು ಕಿತ್ತುಕೊಂಡು ಹೊರಟ.

ನಮ್ಮ ಬೀದಿಯ ಸಂಘದ ಅಧ್ಯಕ್ಷರಾದ ಮೊರಿಕಾವಾ, ನಿವೃತ್ತ ಸ್ಟೇಷನ್ ಮಾಸ್ಟರ್. ಟೋಪಿ ಹಾಕಿಕೊಂಡು ಏಣಿಯ ಮೇಲೆ ನಿಂತು ಪೈನ್ ಮರ ಕತ್ತರಿಸುತ್ತಿದ್ದರು. ನಿಶಿವಾಕಿ ಕೆಳಗಿನಿಂದ ಎಲ್ಲ ಹೇಳಿದ. ಅವರು ಇಳಿಯಲಿಲ್ಲ.

"ಸಂಘದ ಸುತ್ತೋಲೆ ನಿಮ್ಮನೇಲೇ ನಾಲ್ಕು ದಿನದಿಂದ ಕೂತಿದೆ ನಿಶಿವಾಕಿಯವರೇ. ಓದಿದ ಗುರುತಿಗೆ ಮುದ್ರೆ ಒತ್ತಿ ಪಕ್ಕದ ಮನೆಗೆ ಕೊಡೋಕೆ ಎಷ್ಟು ಹೊತ್ತು ಬೇಕು?"

"ಟೋಪಿ ಕೊಡಿ, ಒತ್ತುತೀನಿ."

"ಮೊದಲು ಸುತ್ತೋಲೆ."

ನಿಶಿವಾಕಿ ಮನೆಗೆ ಓಡಿ, ಸುತ್ತೋಲೆ ಹುಡುಕಿ, ಮುದ್ರೆ ಒತ್ತಿ, ಪಕ್ಕದ ಮನೆಗೆ ಕೊಟ್ಟು ವಾಪಸ್ಸು ಬರುವಷ್ಟರಲ್ಲಿ ಮುಕ್ಕಾಲು ಗಂಟೆ. ಮೊರಿಕಾವಾ ಟೋಪಿ ಬಿಚ್ಚಿ ಕೊಟ್ಟರು. ಅದರ ಪಟ್ಟಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

ಮೀನಂಗಡಿ ಇಸೋಬೆ ತನ್ನ ಟೋಪಿಯನ್ನು ಹಾಕಿಕೊಂಡು ಐಸ್ ಕೋಣೆಯೊಳಗೆ ಬಂಗಡೆ ಪೆಟ್ಟಿಗೆ ಎತ್ತುತ್ತಿದ್ದ. "ಕಿವಿ ಬೆಚ್ಚಗಿರತ್ತೆ ಕಣಯ್ಯಾ" ಎಂದು ನಕ್ಕ. ಬೆವರಿಗೆ ಕೊಟ್ಟ ಟೋಪಿಯನ್ನು ಐಸ್ ಕೋಣೆಗೆ ಒಯ್ದವನಿಗೆ ಏನು ಹೇಳುವುದು? ನಿಶಿವಾಕಿ ಮೂಗು ಹಿಡಿದು ಅದನ್ನು ತೆಗೆದುಕೊಂಡ.

ತೋಕಿಯೆ ಅಜ್ಜಿಯ ತಲೆಯ ಮೇಲೆ ಟೋಪಿಯೇ ಇರಲಿಲ್ಲ. "ನನಗ್ಯಾಕಪ್ಪಾ ಸೆಖೇಲಿ" ಅಂದರು. ಅದು ಬದನೆ ತೋಟದ ಬೆದರುಬೊಂಬೆಯ ತಲೆಯ ಮೇಲಿತ್ತು. ಅದರ ಮೇಲೊಂದು ಕಾಗೆ ಹಾಯಾಗಿ ಕೂತು ತುಪ್ಪಳ ಕೀಳುತ್ತಿತ್ತು.

"ಅಜ್ಜೀ, ಒಂದು ತಿಂಗಳಿಂದ ನಿಮಗೆ ಕಲ್ಲಂಗಡಿ ಕೊಡ್ತಿರೋದು ಯಾತಕ್ಕೆ?"

"ಅದನ್ನೇ ನಾನೂ ಯೋಚ್ನೆ ಮಾಡ್ತಿದ್ದೆ. ಒಳ್ಳೇ ಹುಡುಗ ಅಂದ್ಕೊಂಡೆ."

ಉಳಿದ ಮೂರು ಟೋಪಿಗಳು ಹೆಚ್ಚು ಕಾಡಲಿಲ್ಲ. ಒಂದು ಈ ಕತೆ ಹೇಳುವವನ ತಲೆಯ ಮೇಲೇ ಇತ್ತು. ಕೇಳಿದ ಕೂಡಲೇ ಕೊಟ್ಟೆ, ಆ ಮಾತು ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತಿದ್ದೇನೆ.

ಮೂರು ಗಂಟೆಗೆ ಏಳು ಟೋಪಿಗಳೂ ಚಾಪೆಯ ಮೇಲೆ ಸಾಲಾಗಿ ಕೂತವು. ಹಿಂದೆಯೇ ಮೊರಿಕಾವಾ, ಹನಾಯಾಮ, ಇಸೋಬೆ, ಅಜ್ಜಿ ಎಲ್ಲ ಸಹಾಯಕ್ಕೆಂದು ಬಂದು ಜಗಲಿ ತುಂಬಿಕೊಂಡರು. ಯಾರೂ ಕರೆದಿರಲಿಲ್ಲ.

"ಎಲ್ಲಾ ಒಂದೇ ಥರ ಇದೆ" ಅಂದ ಹನಾಯಾಮ.

"ನಿಮ್ಮ ಕಣ್ಣಿಗೆ" ಎಂದ ನಿಶಿವಾಕಿ. ಕಣ್ಣು ಮುಚ್ಚಿ ಒಂದೊಂದನ್ನೇ ಸವರಿದ. ನಿಜ ಹೇಳಬೇಕೆಂದರೆ ಅವನಿಗೂ ಎಲ್ಲ ಒಂದೇ ಥರ ಕಂಡಿದ್ದವು. ಆದರೆ ಐದನೆಯದನ್ನು ಮುಟ್ಟಿದಾಗ ಬೆರಳು ನಿಂತಿತು. "ಇದೇ. ಈ ಮೆದು ನನ್ನ ಕೈಯಿಂದ ಬರೋದಲ್ಲ. ವಯಸ್ಸಿಂದ ಬರೋದು."

ಅದು ಐಸ್ ಕೋಣೆಯಿಂದ ಬಂದ ಟೋಪಿ.

"ಗ್ಯಾರಂಟಿ ಏನು?" ಸ್ಟೇಷನ್ ಮಾಸ್ಟರರ ಪ್ರಶ್ನೆ.

ಗ್ಯಾರಂಟಿಗೆ ದಾರಿಯಿತ್ತು. ಉಳಿದ ಆರರ ಬಲಗಿವಿ ಬಿಚ್ಚಿದರೆ ಆರರಲ್ಲೂ ಮುದ್ರೆ ಸಿಗಬೇಕು. ಸಿಕ್ಕರೆ ಏಳನೆಯದು ತಾನಾಗಿಯೇ ಅಸಲಿ. ಅದನ್ನು ಬಿಚ್ಚುವುದೇ ಬೇಡ, ಕೊಟ್ಟ ಮಾತೂ ಉಳಿಯುತ್ತದೆ. ಇಸೋಬೆ ಮೀನಿನ ಮುಳ್ಳು ತೆಗೆಯುವ ಚೂರಿ ತೆಗೆದು, ಯಾರೂ ಹೇಳುವ ಮುಂಚೆ ಶುರು ಮಾಡಿಯೇಬಿಟ್ಟ. ಒಂದರಲ್ಲಿ ಮುದ್ರೆ. ಎರಡರಲ್ಲಿ ಮುದ್ರೆ. ಮೂರನೆಯದರಲ್ಲಿ ತುಪ್ಪಳ ಸರಿಸಿದರೆ ಕಂದು ದಾರದ ನಡುವೆ ನೇರಳೆ ದಾರದ ಮೂರು ಹೊಲಿಗೆ.

"ಇದನ್ನ ಯಾರು ಹಾಕಿದ್ದು?" ನಿಶಿವಾಕಿ ಅಜ್ಜಿಯ ಕಡೆ ತಿರುಗಿದ. "ನನ್ನ ಟೋಪಿಗೆ ನೇರಳೆ ದಾರ ಹಾಕಿ ಅಂತ ನಿಮಗೆ ಯಾರು ಹೇಳಿದ್ರು ಅಜ್ಜೀ?"

"ಹಾಕಿದ್ನೇನೋಪ್ಪ. ಕಿವಿ ಜೋತಾಡೋದು ಕಂಡ್ರೆ ನನಗೆ ಸುಮ್ನಿರೋಕಾಗಲ್ಲ. ನೆನಪಿಲ್ಲ."

"ನೆನಪಿಲ್ಲವಂತೆ. ಕಿತ್ತಾಕು ಇಸೋಬೆ."

ಅದರಲ್ಲೂ ಮುದ್ರೆ ಇತ್ತು. ನಾಲ್ಕು, ಐದು, ಆರು, ಎಲ್ಲದರಲ್ಲೂ ಮುದ್ರೆ. ನಿಶಿವಾಕಿ ಬೆಳಗಿನಿಂದ ಮೊದಲ ಬಾರಿಗೆ ಪೂರ್ತಿ ಉಸಿರು ಬಿಟ್ಟ. ತನ್ನ ಬೆರಳು ಸುಳ್ಳು ಹೇಳಿರಲಿಲ್ಲ. ಸತ್ಸುಕಿ ಚಹಾ ಸೊಪ್ಪು ಸುಟ್ಟು ಏಳನೆಯ ಟೋಪಿಗೆ ಹೊಗೆ ಹಾಕಿದಳು. ಬಂಗಡೆ ವಾಸನೆ ಹೋಗಲಿಲ್ಲ, ಸುಟ್ಟ ಬಂಗಡೆ ವಾಸನೆ ಬಂತು.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಕುರಾಮೋಚಿ ಕಂಕುಳಲ್ಲೊಂದು ಬಟ್ಟೆಗಂಟು ಹಿಡಿದು ಬಂದು ಕೂತರು. ನಿಶಿವಾಕಿ ಎರಡು ಕೈಯಲ್ಲಿ ಟೋಪಿ ಹಿಡಿದು ಮುಂದಿಟ್ಟ. ಆಕೆ ಪಟ್ಟಿ ನೋಡಿದರು, ಹೊಲಿಗೆ ನೋಡಿದರು, ತಲೆದೂಗಿದರು. ಆಮೇಲೆ ಮೂಗಿನ ಹತ್ತಿರ ಹಿಡಿದರು.

"ನಮ್ಮಪ್ಪ ವಿಮಾನದಲ್ಲಿದ್ರು ಯಜಮಾನ್ರೇ. ದೋಣೀಲಿ ಅಲ್ಲ."

ಜಗಲಿಯಲ್ಲಿ ಇಸೋಬೆ ಕೆಮ್ಮಿದ.

"ಹಳೇ ಚರ್ಮ, ತಾಯಿ. ಸೆಖೆಗೆ ಏನೇನೋ ವಾಸನೆ ಬರತ್ತೆ" ಎಂದ ನಿಶಿವಾಕಿ. "ಆದರೆ ಒಂದು ಮಾತು. ಇಂಥ ಅಸಲಿ ಟೋಪಿ ನಾನು ಮುಟ್ಟಿರ್ಲಿಲ್ಲ. ನೂರು ನಕಲಿನ ಮಧ್ಯೆ ಇಟ್ರೂ ಈ ಬೆರಳು ಗುರುತು ಹಿಡಿಯತ್ತೆ."

ಆಕೆ ಮುಂದಕ್ಕೆ ಬಾಗಿ ಅವನ ಏಪ್ರನ್ನಿಗೆ ಅಂಟಿದ್ದ ಏನನ್ನೋ ಎರಡು ಬೆರಳಲ್ಲಿ ಹಿಡಿದು ತೆಗೆದರು. ನೇರಳೆ ದಾರದ ತುಂಡು.

"ಇದು ನಾನು ಹಾಕಿದ ಹೊಲಿಗೆ" ಅಂದರು. "ನಾನು ಕೊಟ್ಟ ಟೋಪಿಯ ಬಲಗಿವೀಲಿ. ನೀವು ಒಳಗೆ ಬಿಚ್ಚಿದ್ರೆ ಗೊತ್ತಾಗ್ಲಿ ಅಂತ."

ನಿಶಿವಾಕಿಯ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ಕಿವಿ ಹರಿದ ಆರು ಟೋಪಿಗಳು ಒಂದರ ಮೇಲೊಂದು ಬಿದ್ದಿದ್ದವು. "ಆದರೆ... ಅದರಲ್ಲಿ ನನ್ನ ಮುದ್ರೆ ಇತ್ತು."

"ಇರ್ಲೇಬೇಕಲ್ಲ. ಹೋದ ವರ್ಷ ಹಳೇ ಸಾಮಾನಿನ ಸಂತೇಲಿ ಕೊಂಡಿದ್ದು. ಅಸಲಿ ಅಂತ ಮಾರ್ತಿದ್ರು. ಬಿಚ್ಚಿ ನೋಡಿದ್ರೆ ನಿಮ್ಮ ಹೆಸರು. ಇಷ್ಟು ಚೆನ್ನಾಗಿ ಮಾಡೋರಿಗೇ ಅಪ್ಪನ ಟೋಪಿ ಕೊಡ್ಬೇಕು ಅಂತ ಹುಡುಕ್ಕೊಂಡು ಬಂದೆ. ಆದರೆ ಅಪ್ಪಂದು ಇರೋದು ಒಂದೇ ಟೋಪಿ, ಗೊತ್ತಿಲ್ಲದ ಮನೆ. ಮೊದಲು ನಿಮ್ಮದನ್ನೇ ಕೊಟ್ಟು ನೋಡೋಣ, ಹೇಗೆ ನೋಡ್ಕೋತಾರೆ ಅಂತ."

ಆಕೆ ಗಂಟು ಬಿಚ್ಚಿದರು. ಅದರೊಳಗೆ ಒಂದು ಟೋಪಿ. ಚಿಕ್ಕದು, ಸುಕ್ಕುಗಟ್ಟಿದ್ದು, ಒಂದು ಕಿವಿ ಅರ್ಧ ಹರಿದದ್ದು. ಗಲ್ಲದ ಪಟ್ಟಿ ಇದ್ದ ಜಾಗದಲ್ಲಿ ಯಾರೋ ಅವಸರದಲ್ಲಿ ಬೂಟಿನ ಲೇಸು ಕಟ್ಟಿದ್ದರು. ಎಪ್ಪತ್ತೆಂಟು ವರ್ಷದಿಂದ ಅದನ್ನು ಯಾರೂ ಬಿಚ್ಚಿರಲಿಲ್ಲ. ನಿಶಿವಾಕಿ ಮಾಡಿದ ಯಾವ ಟೋಪಿಯೂ ಅದರ ಹಾಗಿರಲಿಲ್ಲ. ಅವನ ಕೈ ತಾನಾಗಿ ಮುಂದೆ ಹೋಯಿತು. ಆಕೆ ಗಂಟನ್ನು ತುಸು ಹಿಂದಕ್ಕೆ ಎಳೆದುಕೊಂಡರು.

"ಇವತ್ತು ಇದನ್ನ ಬಿಟ್ಟು ಹೋಗೋಣ ಅಂತಾನೇ ತಂದಿದ್ದೆ" ಅಂದರು. "ಧೈರ್ಯ ಸಾಲ್ತಿಲ್ಲ. ತಪ್ಪು ತಿಳ್ಕೋಬೇಡಿ. ನಿಮ್ಮ ಹೊಲಿಗೆ ತುಂಬ ಚೆನ್ನಾಗಿದೆ."

ನಾಲ್ಕು ಮೂಲೆ ಕೂಡಿಸಿ ಗಂಟು ಕಟ್ಟಿದರು. ಬಂಗಡೆ ವಾಸನೆಯ ನಕಲನ್ನು ಚಾಪೆಯ ಮೇಲೇ ಬಿಟ್ಟು, ಬಾಗಿ ನಮಸ್ಕರಿಸಿ, ಜಗಲಿಯಲ್ಲಿದ್ದ ಎಲ್ಲರಿಗೂ ಬೇರೆ ಬೇರೆ ನಮಸ್ಕರಿಸಿ, ಐದರ ರೈಲಿಗೆ ನಡೆದರು.

ಮೊದಲು ಬಾಯಿ ಬಿಟ್ಟವರು ಮೊರಿಕಾವಾ.

"ಅಂದ್ರೆ ಬೆಳಿಗ್ಗೆಯಿಂದ ಏನೂ ಕಳೆದೇ ಇರ್ಲಿಲ್ಲ. ಸುಮ್ನೆ ನಮ್ಮನ್ನೆಲ್ಲ ಓಡಾಡಿಸಿದ್ರಿ."

"ನನ್ನ ಮೇಲೆ ಬೇರೆ ರೇಗಿದ" ಎಂದರು ಅಜ್ಜಿ. "ನಾನಲ್ಲ ಅಂತ ಆಗ್ಲೇ ಹೇಳಿದ್ದೆ."

ಸತ್ಸುಕಿ ಮೂಲೆಯ ಟೋಪಿಗಳಲ್ಲೊಂದನ್ನು ಎತ್ತಿ, ಹರಿದ ಕಿವಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಆ ಕಾಲದೋರ ಕೈ" ಎಂದಳು.

ನಿಶಿವಾಕಿ ಸೂಜಿಗೆ ದಾರ ಪೋಣಿಸುತ್ತಿದ್ದ. ಆರು ಕಿವಿಗಳನ್ನು ಮತ್ತೆ ಹೊಲಿಯಬೇಕಿತ್ತು. ಹನಾಯಾಮ ಮಾತ್ರ ಇನ್ನೂ ಮೆಟ್ಟಿಲ ಮೇಲೆ ನಿಂತಿದ್ದ.

"ಅಲ್ಲ, ನಾಳೆ ಬೆಳಿಗ್ಗೆ ಏಳು ನೇತಾಕ್ತೀರೋ, ಆರೋ?" ಎಂದು ಕೇಳಿದ. "ನನ್ನದು ಸ್ವಲ್ಪ ದೊಡ್ಡದಿರ್ಲಿ."