ರೆಕ್ಕೆ ಕಟ್ಟಿಕೊಂಡು ಬಂದ ಅತ್ತೆ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಅತ್ತೆಗೇ ಎರಡೆರಡು ಕಾಲ ಬಂದರೆ ಸೊಸೆ ಎಲ್ಲಿಗೆ ಹೋಗಬೇಕು ಎಂಬುದನ್ನು ಗಾದೆ ಕಟ್ಟಿದ ಪುಣ್ಯಾತ್ಮರು ಯೋಚಿಸಿದಂತಿಲ್ಲ. ಕನ್ನಡಕದಂಗಡಿ ಮೇಷ್ಟ್ರ ಹೆಂಡತಿಯ ತಕರಾರು ಇದೇ ಆಗಿತ್ತು.

(ಮೇಷ್ಟ್ರು ಎಂದರೆ ಪಾಠ ಹೇಳುವವರಲ್ಲ. ಗಿರಾಕಿಗಳ ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಅಕ್ಷರ ಓದಿಸಿ, ತಪ್ಪು ಓದಿದರೆ ಗದರಿಸುತ್ತಿದ್ದರಲ್ಲ, ಅದಕ್ಕೆ ಬೀದಿಯವರು ಕೊಟ್ಟ ಬಿರುದು.)

ಎಲ್ಲ ಶುರುವಾಗಿದ್ದು ಒಂದು ಮುರಿದ ಕನ್ನಡಕದಿಂದ. ಅನಾಥ ಹಕ್ಕಿಗಳ ಆಶ್ರಯಧಾಮ ನಡೆಸುವ ಮೇಡಂ ಅದೇ ಫ್ರೇಮನ್ನು ಮೂರನೇ ಸಲ ಅಂಗಡಿಗೆ ತಂದಿದ್ದರು. ಕಿವಿಗೆ ಸಿಕ್ಕಿಸುವ ಕಡ್ಡಿ ಕಬ್ಬಿನ ಸಿಪ್ಪೆಯಾಗಿತ್ತು.

“ಏನ್ ಮಾಡ್ಲಿ ಮೇಷ್ಟ್ರೇ, ನಮ್ಮ ಅಜ್ಜಿ ಅಗಿದುಬಿಡ್ತಾಳೆ,” ಅಂದರು ಮೇಡಂ. ನಲವತ್ತಕ್ಕೇ ಎರಡು ಹಲ್ಲು ಕಳೆದುಕೊಂಡಿದ್ದ ಮೇಷ್ಟ್ರಿಗೆ ಆ ಅಜ್ಜಿಯ ಮೇಲೆ ಅಪಾರ ಗೌರವ ಮೂಡಿತು. ಅಜ್ಜಿ ಎಂದರೆ ಒಂದು ದೊಡ್ಡ ಮಕಾವ್ ಗಿಣಿ ಎಂದು ತಿಳಿದ ಮೇಲಂತೂ ಅಪರಾಧಿಯನ್ನು ಕಣ್ಣಾರೆ ನೋಡಲೇಬೇಕು ಅನ್ನಿಸಿತು. ಭಾನುವಾರ ರಿಪೇರಿಯಾದ ಕನ್ನಡಕವನ್ನು ತಾವೇ ಕೊಡಲು ಹೊರಟರು. ಹಾದಿಯಲ್ಲೇ ಸಂತೆ ಮಾಡಿಬಿಡೋಣ ಎಂದು ಹೆಂಡತಿಯೂ ಚೀಲ ಹಿಡಿದು ಹಿಂದೆ ಬಂದರು.

ಬೆಕ್ಕಿಗಿಂತ ದೊಡ್ಡ ಹಕ್ಕಿ. ನೀಲಿ ಬೆನ್ನು, ಹಳದಿ ಎದೆ. ಬೋಳು ಬಿಳಿ ಕೆನ್ನೆಯ ಮೇಲೆ ಸಣ್ಣ ಸಣ್ಣ ಕಪ್ಪು ಗೆರೆ, ಥೇಟ್ ಮುದುಕಿಯ ಸುಕ್ಕಿನಂತೆ. ಎದೆಯ ಒಂದು ಭಾಗದ ಪುಕ್ಕವನ್ನು ತಾನೇ ಕಿತ್ತುಕೊಂಡಿತ್ತು. ಅದನ್ನು ಸಾಕಿದ್ದ ಅಜ್ಜಿ ತೀರಿಕೊಂಡ ಮೇಲೆ ಶುರುವಾದ ಚಾಳಿಯಂತೆ.

ಮೇಷ್ಟ್ರು ಹತ್ತಿರ ಹೋದರು. ಹಕ್ಕಿ ತಲೆ ಓರೆ ಮಾಡಿ ನೋಡಿತು. ಆಮೇಲೆ ನಿಜವಾದ ಮುದುಕಿಯ ನಡುಗು ದನಿಯಲ್ಲಿ ಕೇಳಿತು: “ಬಂದ್ಯಾ? ಊಟ ಆಯ್ತಾ?”

ಮೇಷ್ಟ್ರ ಅಮ್ಮ ಹೋಗಿ ಆರು ವರ್ಷ. ಅಂಗಡಿ ಮುಚ್ಚಿ ಮನೆಗೆ ಬಂದರೆ ಅಡುಗೆಮನೆ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿರುತ್ತಿದ್ದ ಅಮ್ಮ, ಆ ಸೆರಗಿನ ವಾಸನೆ, ಆ ದನಿ ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಅಮ್ಮ ಹೋದ ಮೇಲೆ ಅವರನ್ನು ಯಾರೂ ಹಾಗೆ ಕೇಳಿರಲಿಲ್ಲ. ಹೆಂಡತಿ ಕೇಳುತ್ತಿದ್ದದ್ದು “ತಟ್ಟೆ ಹಾಕ್ಲೋ, ಎಲ್ಲಾ ಮುಚ್ಚಿಡ್ಲೋ?” ಎಂದು.

“ಆಶ್ಚರ್ಯ! ಬಂದಾಗಿನಿಂದ ನಮಗೆಲ್ಲಾ ಬರೀ ಬೈಗುಳ. ಊಟ ಕೇಳಿದ್ದು ಇವತ್ತೇ ಮೊದಲು,” ಅಂದರು ಮೇಡಂ.

“ಕಣ್ಣು ನೋಡಿ ಮೇಡಂ,” ಮೇಷ್ಟ್ರು ಪಿಸುಗುಟ್ಟಿದರು. ಹಕ್ಕಿಯ ಪಾಪೆ ಒಮ್ಮೆ ಸಾಸಿವೆಯಷ್ಟು ಕುಗ್ಗಿ, ಒಮ್ಮೆ ಮೆಣಸಿನಕಾಳಿನಷ್ಟು ಹಿಗ್ಗಿ ಕುಣಿಯುತ್ತಿತ್ತು. “ಜೀವಮಾನವೆಲ್ಲಾ ಕಣ್ಣು ನೋಡಿದವನು ನಾನು. ಇದು ಪ್ರೀತಿ.”

ಹೆಂಡತಿ ಎರಡು ಹೆಜ್ಜೆ ಹಿಂದೆ, ಮುಖ ಗಂಟಿಕ್ಕಿಕೊಂಡು ಚೀಲ ಹಿಡಿದು ನಿಂತಿದ್ದರು.

ಆ ಸಂಜೆ ಮನೆಯಲ್ಲಿ ಕುರುಕ್ಷೇತ್ರ.

“ಇಪ್ಪತ್ತೆರಡು ವರ್ಷ ನಿಮ್ಮಮ್ಮನ ಕೈಲಿ ಅನ್ನಿಸ್ಕೊಂಡಿದ್ದೀನಿ. ದೀಪ ಆರಿಸು, ನಲ್ಲಿ ಸರಿಯಾಗಿ ತಿರುಗಿಸು, ಪಾತ್ರೆ ಕುಕ್ಕಬೇಡ. ಈಗ ಅದನ್ನೇ ರೆಕ್ಕೆ ಕಟ್ಟಿ ಕರ್ಕೊಂಡ್ ಬರ್ತೀರಾ?”

“ಅದು ಹಕ್ಕಿ ಕಣೇ!”

“ಹಕ್ಕಿಯಾದ್ರೇನು? ನಿಮ್ಮಮ್ಮಂಗೆ ಕೊಕ್ಕೊಂದಿರ್ಲಿಲ್ಲ, ಅಷ್ಟೇ.”

“ಅರವತ್ತು ವರ್ಷ ಬದುಕುತ್ತಂತೆ. ನಮ್ಮ ಕಾಲ ಆದ್ಮೇಲೆ ಮಗಳು ನೋಡ್ಕೋತಾಳೆ.”

“ಅಂದ್ರೆ ನನ್ನನ್ನ ಕಳಿಸಿಕೊಟ್ಟೇ ಹೋಗೋದು ಅನ್ನಿ!”

ಮೇಷ್ಟ್ರು ಪಟ್ಟು ಬಿಡಲಿಲ್ಲ. ಆದರೆ ಆಶ್ರಯಧಾಮದಲ್ಲೊಂದು ಕಟ್ಟುಪಾಡಿತ್ತು. ಹಕ್ಕಿಯನ್ನು ನೀವು ಆರಿಸುವಂತಿಲ್ಲ, ಹಕ್ಕಿಯೇ ನಿಮ್ಮನ್ನು ಆರಿಸಬೇಕು. ಭಾನುವಾರ ಭಾನುವಾರ ಬರಬೇಕು, ಮಾತಾಡಿಸಬೇಕು, ಒಗ್ಗಿದರೆ ಹದಿನೈದು ದಿನ ಮನೆಗೆ ಕಳಿಸುತ್ತಾರೆ, ಆಮೇಲೆ ತೀರ್ಮಾನ. ಮದುವೆಗೂ ಇಷ್ಟು ವಿಚಾರಣೆ ನಡೆದಿರಲಿಲ್ಲ ಎಂದುಕೊಂಡರು ಮೇಷ್ಟ್ರು. ಆದರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ, ವಧುಪರೀಕ್ಷೆಗೆ ಹೊರಟವರಂತೆ ಪ್ರತಿ ಭಾನುವಾರ ಹೊರಡುತ್ತಿದ್ದರು. “ಒಬ್ಬರನ್ನೇ ಬಿಟ್ರೆ ಎರಡು ಹಿಡ್ಕೊಂಡ್ ಬರ್ತೀರಿ,” ಎಂದು ಹೆಂಡತಿಯೂ ಬರುತ್ತಿದ್ದರು. ಹಕ್ಕಿ ಊಟ ವಿಚಾರಿಸುತ್ತಿತ್ತು, ಪಾಪೆ ಕುಣಿಸುತ್ತಿತ್ತು. ಮೇಷ್ಟ್ರು ಉಬ್ಬುತ್ತಿದ್ದರು.

ಒಂದೇ ಒಂದು ಭಾನುವಾರ ಹೆಂಡತಿಗೆ ಜ್ವರ ಬಂದು ಮೇಷ್ಟ್ರು ಒಬ್ಬರೇ ಹೋದರು. ಅಂದು ಹಕ್ಕಿ ಬೆನ್ನು ತಿರುಗಿಸಿ ಕೂತು ತುಟಿ ಪಿಟಕ್ಕೆನ್ನಲಿಲ್ಲ. (ಕೊಕ್ಕಿಗೂ ಈ ಮಾತು ಸಲ್ಲುತ್ತದೆಂದು ಇಟ್ಟುಕೊಳ್ಳಿ.) ಮೋಡ ಕವಿದಿತ್ತಲ್ಲ, ಹಕ್ಕಿಗಳಿಗೆ ಬೇಜಾರು ಎಂದು ಮೇಷ್ಟ್ರು ಸಮಾಧಾನಪಟ್ಟುಕೊಂಡರು.

ಕೊನೆಗೂ ಹಕ್ಕಿ ಮನೆಗೆ ಬಂತು. “ನಿಮ್ಮಮ್ಮ, ನೀವೇ ನೋಡ್ಕೊಳ್ಳಿ,” ಎಂದು ಹೆಂಡತಿ ಅಡುಗೆಮನೆ ಸೇರಿದರು. ಮೇಷ್ಟ್ರು ಪಂಜರವನ್ನು ನಡುಮನೆಯಲ್ಲಿಟ್ಟು, ಬಾಗಿಲು ತೆಗೆದು, ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮಗುವಿನಂತೆ ಮುಖ ಮುಂದೆ ಚಾಚಿ, ಮೆಲ್ಲಗೆ “ಅಮ್ಮಾ” ಅಂದರು.

ಹಕ್ಕಿ ಅವರ ಕನ್ನಡಕವನ್ನು ಕಿತ್ತು, ಎರಡು ತುಂಡು ಮಾಡಿ, ನೆಲಕ್ಕೆಸೆದು ಹಾರಿಹೋಯಿತು.

ಕನ್ನಡಕವಿಲ್ಲದ ಮೇಷ್ಟ್ರಿಗೆ ಲೋಕವೆಲ್ಲ ಕಲಸಿದ ಬಣ್ಣ. ಗೋಡೆ ತಡವುತ್ತ ಅಡುಗೆಮನೆಯ ಕಡೆ ಹೋದರು. ನೀಲಿಯೊಂದು, ಹಳದಿಯೊಂದು ಮುದ್ದೆ ಹೆಂಡತಿಯ ಹೆಗಲ ಎತ್ತರದಲ್ಲಿ ತೂಗುತ್ತಿತ್ತು. ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

“ಬಂದ್ಯಾ? ಊಟ ಆಯ್ತಾ?”

“ಇನ್ನೂ ಇಲ್ಲ, ಇರಿ. ಕೈತುಂಬ ಕೆಲಸ ಕಾಣಿಸ್ತಿಲ್ವಾ?”

“ದೀಪ ಆರಿಸು!”

“ಆರಿಸ್ತೀನಿ ಇರಿ ಅಂದ್ನಲ್ಲ! ಮೊದಲು ನೀವು ತಿನ್ನಿ.”

ಮೇಷ್ಟ್ರು ಅಂಗಿಯ ಜೇಬಿನಿಂದ ಹಳೇ ಕನ್ನಡಕ ತೆಗೆದು ಹಾಕಿಕೊಂಡರು. ಹಕ್ಕಿಯ ಬಿಳಿ ಕೆನ್ನೆ ಕೆಂಪೇರಿತ್ತು. ಪಾಪೆ ಕುಣಿಯುತ್ತಿತ್ತು, ಹೆಂಡತಿಯನ್ನೇ ನೋಡಿ. ಮೇಷ್ಟ್ರು ತಮ್ಮ ಭಾನುವಾರಗಳನ್ನೆಲ್ಲ ಮನಸ್ಸಿನಲ್ಲಿ ಮತ್ತೆ ಓದಿಕೊಂಡರು. ಪ್ರತಿ ಸಲವೂ ತಮ್ಮ ಬೆನ್ನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಯಾರಿದ್ದರು? ಊರಿನವರ ಕಣ್ಣನ್ನೆಲ್ಲ ಅಳೆದ ಮಹಾನುಭಾವರು, ಪಾಪೆ ಕುಣಿಯುವುದನ್ನು ಕಂಡಿದ್ದರೇ ಹೊರತು ಅದು ಎತ್ತ ನೋಡುತ್ತಿದೆ ಎಂದು ಒಂದು ಸಲವೂ ನೋಡಿರಲಿಲ್ಲ.

ಹದಿನೈದು ದಿನದಲ್ಲಿ ಪಂಜರ ನಡುಮನೆಯಿಂದ ಅಡುಗೆಮನೆ ಬಾಗಿಲಿಗೆ, ಅಮ್ಮ ಮಣೆ ಹಾಕಿಕೊಳ್ಳುತ್ತಿದ್ದ ಜಾಗಕ್ಕೇ ಹೋಯಿತು. ಹಕ್ಕಿಯ ಎದೆಯ ಮೇಲೆ ಹೊಸ ಪುಕ್ಕ ಚಿಗುರಿತು. ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಜಗಳ. ಮೇಷ್ಟ್ರಿಗೆ ಎರಡು ಹೆಜ್ಜೆ ದೂರ ನಿಲ್ಲುವ ಶಿಕ್ಷೆ. ಹತ್ತಿರ ಬಂದರೆ ಕನ್ನಡಕಕ್ಕೆ ಅಪಾಯ. ಮುನಿಸಿಕೊಂಡ ಮೇಷ್ಟ್ರು ಕೊನೆಯ ದಿನ ಮೇಡಂ ಬಂದಾಗ ಬಾಯಿಬಿಟ್ಟರು.

“ವಾಪಸ್ ಕರ್ಕೊಂಡ್ ಹೋಗಿ ಮೇಡಂ. ನಮ್ಮವಳಿಗೆ ಮೊದಲಿಂದ್ಲೂ ಇಷ್ಟ ಇಲ್ಲ. ಅತ್ತೆ ಕಾಟ ಸಾಕಾಗಿದೆ ಅಂತಾಳೆ.”

“ಅವರು ಎಲ್ಲಿಗೂ ಹೋಗಲ್ಲ,” ಅಂದರು ಹೆಂಡತಿ.

“ನೀನೇ ತಾನೇ ಬೇಡ ಅಂದಿದ್ದು?”

“ಅಂದೆ. ನಿಮ್ಮಮ್ಮ ನನ್ನನ್ನ ಬೈದ್ರು, ಇಲ್ಲ ಅನ್ನಲ್ಲ.” ಹೆಂಡತಿಯ ದನಿ ಸಣ್ಣಗಾಯಿತು. “ಆದ್ರೆ ನಾನು ಊಟ ಮಾಡೋವರೆಗೂ ಇದೇ ಬಾಗಿಲಲ್ಲಿ ಕೂತಿರ್ತಿದ್ರು. ನೀವೆಲ್ಲಾ ಉಂಡು ಎದ್ದು ಹೋಗ್ತಿದ್ರಿ. ಅವರು ಹೋದ್ಮೇಲೆ ಈ ಮನೇಲಿ ನನ್ನನ್ನ ಊಟ ಆಯ್ತಾ ಅಂತ ಯಾರು ಕೇಳಿದ್ದಾರೆ, ಹೇಳಿ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಮೇಡಂ ನಕ್ಕು, ಹಕ್ಕಿಯನ್ನು ಹೆಂಡತಿಯ ಹೆಸರಿಗೇ ಬರೆದುಕೊಟ್ಟು ಹೋದರು.

ಅವರನ್ನು ಬೀದಿಯವರೆಗೆ ಕಳಿಸಿ ಮೇಷ್ಟ್ರು ಒಳಗೆ ಬಂದರು. ಹಕ್ಕಿ ಬಂದಾಗಿನಿಂದ ಮೊದಲ ಸಲ ಅವರ ಕಡೆಗೇ ತಿರುಗಿತು. ಅವರು ಆಸೆಯಿಂದ ಒಂದು ಹೆಜ್ಜೆ ಮುಂದಿಟ್ಟರು.

“ಬಾಗಿಲು ಹಾಕು,” ಅಂದಿತು.

ಹಾಕಿದರು. ಅಡುಗೆಮನೆಯಲ್ಲಿ ಮತ್ತೆ ಮಾತು ಶುರುವಾಯಿತು: ದೀಪ, ನಲ್ಲಿ, ಪಾತ್ರೆ. ಆರು ವರ್ಷದಿಂದ ಸತ್ತಂತಿದ್ದ ಮನೆ ಅಮ್ಮ ಇದ್ದಾಗಿನಂತೆಯೇ ಗಲಗಲ ಎನ್ನುತ್ತಿತ್ತು. ನಡುಮನೆಯಲ್ಲಿ ಒಬ್ಬರೇ ಕೂತು ಕೇಳುತ್ತಿದ್ದ ಮೇಷ್ಟ್ರ ಕಣ್ಣು ತುಂಬಿ ಬಂತು. ಹೊಟ್ಟೆಯೂ ಚುರುಗುಟ್ಟುತ್ತಿತ್ತು. ನಿಮ್ಮದು ಊಟ ಆಯ್ತಾ ಎಂದು ಯಾರಾದರೂ ಕೇಳಿಯಾರೆಂದು ಬಹಳ ಹೊತ್ತು ಕಾದರು. ಯಾರೂ ಕೇಳಲಿಲ್ಲ. ಅಮ್ಮ ಇದ್ದಾಗಲೂ ಕೇಳುತ್ತಿದ್ದದ್ದು ಸೊಸೆಯನ್ನೇ ಎಂಬುದು ಅವರಿಗೆ ಆಗ ಚೆನ್ನಾಗಿ ನೆನಪಾಯಿತು.